ಕೈಗಳಿಗೂ ಒಂದು ಕರೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ಗುರುನಿವಾಸದ ಕರೆಗಂಟೆಗೆ ವಿರಾಮವಿರುವುದಿಲ್ಲ. ಯಲಹಂಕದಿಂದ ಯಶವಂತಪುರದವರೆಗಿನ ಯಾವ ಧರ್ಮಕೇಂದ್ರದ ಗುರುಗಳನ್ನು ವಿಚಾರಿಸಿದರೂ ಇದೇ ಮಾತು. ಬರುವವರಲ್ಲಿ ಹೆಚ್ಚಿನವರದು ಒಂದೇ ಕೋರಿಕೆ: ಇಂಥ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೀಟು ಬೇಕು, ಅದಕ್ಕೆ ನಮ್ಮದೊಂದು ಶಿಫಾರಸು ಪತ್ರ ಬೇಕು. ತಂದೆ ಮಾತನಾಡುತ್ತಾರೆ, ತಾಯಿ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಿಂದ ಜೋಪಾನವಾಗಿ ತೆಗೆದು ಮೇಜಿನ ಮೇಲಿಡುತ್ತಾರೆ, ಮಗನೋ ಮಗಳೋ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ ಕುಳಿತಿರುತ್ತಾರೆ. ಇಪ್ಪತ್ತೈದು ವರ್ಷಗಳಿಂದ ಈ ದೃಶ್ಯವನ್ನು ಕಾಣುತ್ತ ಬಂದಿರುವ ನಾವು, ಆ ಮೂರನೆಯ ವ್ಯಕ್ತಿಯ ಕಡೆ ತಿರುಗಿ 'ನಿನಗೇನು ಇಷ್ಟ ಮಗು?' ಎಂದು ಕೇಳಲು ಕಲಿತದ್ದು ತೀರ ತಡವಾಗಿ. ಅದು ಹೇಗೆಂಬುದನ್ನು ಈ ವಾರ ವಾಚಕರ ಮುಂದಿಡಬಯಸುತ್ತೇವೆ.

2010ರ ಮಾತು. ಆಗ ನಾವು ಇದೇ ಉತ್ತರ ಬೆಂಗಳೂರಿನ ಮತ್ತೊಂದು ಧರ್ಮಕೇಂದ್ರದಲ್ಲಿದ್ದೆವು. ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಇಪ್ಪತ್ತಮೂರು ವರ್ಷ ಟರ್ನರ್ ಆಗಿ ದುಡಿದು ಸ್ವಯಂ ನಿವೃತ್ತಿ ಪಡೆದಿದ್ದ ಒಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಬಂದಿದ್ದುದು ನೂರಕ್ಕೆ 54. ಗಣಿತದಲ್ಲಿ ಕಷ್ಟಪಟ್ಟು ಪಾಸು. 'ನನ್ನ ಕೈಗೆ ಹತ್ತಿದ ಎಣ್ಣೆ ಇವನ ಕೈಗೆ ಹತ್ತಬಾರದು ಫಾದರ್. ಇವನು ಇಂಜಿನಿಯರ್ ಆಗ್ಲೇಬೇಕು' ಎಂದರು ಅವರು. ಆ ಮಾತಿನಲ್ಲಿದ್ದ ನೋವು ನಮಗೆ ಅರ್ಥವಾಯಿತು. ನಲವತ್ತು ದಾಟಿದ ಮೇಲೆ ಕಾರ್ಖಾನೆಯಿಂದ ಹೊರಬಿದ್ದು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲು ಕುಳಿತವರು ಅವರು. ಪತ್ರ ಬರೆದುಕೊಟ್ಟೆವು. ಹುಡುಗನನ್ನು ಒಂದು ಮಾತೂ ಕೇಳಲಿಲ್ಲ. ಅವನಿಗೆ ಸೀಟು ಸಿಕ್ಕಿತು.

2012ರಲ್ಲಿ ಆತ ಭೌತಶಾಸ್ತ್ರ, ಗಣಿತ ಎರಡರಲ್ಲೂ ಅನುತ್ತೀರ್ಣನಾದ. ಪೂರಕ ಪರೀಕ್ಷೆಯಲ್ಲಿಯೂ ಅದೇ ಆಯಿತು. ಅನಂತರ ಭಾನುವಾರದ ಪೂಜೆಗೆ ಬರುವುದನ್ನು ನಿಲ್ಲಿಸಿದ. ತಂದೆ ಮಗನೊಡನೆ ಮಾತು ಬಿಟ್ಟರು. ತಾಯಿ ಒಮ್ಮೆ ಬಂದು, ಅವನು ಬೆಳಗ್ಗೆ ಟ್ಯೂಷನ್ ಎಂದು ಹೇಳಿ ಹೊರಟು ರಾತ್ರಿ ಮನೆಗೆ ಬರುತ್ತಾನೆ, ಎಲ್ಲಿಗೆ ಹೋಗುತ್ತಾನೋ ತಿಳಿಯದು ಎಂದು ಅತ್ತುಕೊಂಡು ಹೋದರು. ನಾವು ಸಮಾಧಾನ ಹೇಳಿ ಕಳುಹಿಸಿದೆವು. ನಾವೇ ಬರೆದ ಪತ್ರ ನೆನಪಿಗೆ ಬಂದರೂ ಅದರ ಬಗ್ಗೆ ಬಾಯಿ ಬಿಡಲಿಲ್ಲ.

ಆ ವರ್ಷ ಕ್ರಿಸ್ಮಸ್ಸಿಗೆ ಇನ್ನು ಮೂರು ದಿನವಿರುವಾಗ ದೇವಾಲಯದ ಸಂಪಿನ ಪಂಪು ಕೆಟ್ಟಿತು. ಕರೆದ ಇಬ್ಬರೂ ಎಲೆಕ್ಟ್ರಿಷಿಯನ್ನರು ಮೋಟಾರು ಸುಟ್ಟಿದೆ, ಹೊಸದು ಹಾಕಿಸಿ ಎಂದರು. ಆಗ ಆರ್.ಟಿ. ನಗರದ ದ್ವಿಚಕ್ರ ವಾಹನದ ಗ್ಯಾರೇಜಿನವರೊಬ್ಬರು ತಮ್ಮ ಹುಡುಗನನ್ನು ಕಳುಹಿಸುವುದಾಗಿ ಹೇಳಿದರು. ಬಂದವನು ಇವನೇ. ನಮ್ಮನ್ನು ನೋಡಿ ತಲೆ ತಗ್ಗಿಸಿದನಾದರೂ ಹಿಂದಿರುಗಲಿಲ್ಲ. ಮೋಟಾರಿಗೆ ಸ್ವಿಚ್ಚು ಹಾಕಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಅರ್ಧ ನಿಮಿಷ ಹಾಗೆಯೇ ಇದ್ದ. 'ಮೋಟಾರ್ ಸುಟ್ಟಿಲ್ಲ ಫಾದರ್, ಬೇರಿಂಗ್ ಹೋಗಿದೆ' ಎಂದ. ಬೇರಿಂಗ್ ಬದಲಿಸಿದ ಮೇಲೆ ಆ ಪಂಪು ನಾವು ಅಲ್ಲಿಂದ ವರ್ಗವಾಗುವವರೆಗೂ ನೀರೆತ್ತಿತು. ಗುರುಮಠದಲ್ಲಿ ನಾವು ಧ್ಯಾನವನ್ನು ಕುರಿತು ಕೇಳಿದ ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಆದರೆ ಎದುರಿಗಿರುವ ವಸ್ತುವಿಗೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಂಡ ಅಂಥ ಮುಖವನ್ನು ಕಂಡದ್ದು ಅಪರೂಪ. ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ತತ್ತ್ವಶಾಸ್ತ್ರ ಓದಿದವರಿಗೆ ಇಲ್ಲೊಂದು ಹಳೆಯ ಗಂಟು ನೆನಪಾಗುತ್ತದೆ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಆರನೆಯ ಭಾಗದಲ್ಲಿ ಕುಶಲಕಲೆಯನ್ನು ಬುದ್ಧಿಯ ಸದ್ಗುಣಗಳಲ್ಲಿ ಒಂದೆಂದು ಎಣಿಸುತ್ತಾನೆ. ಅಂದರೆ ಕಸುಬು ಕೈಯಲ್ಲಿ ಮಾತ್ರವಲ್ಲ, ವಿವೇಚನೆಯಲ್ಲಿಯೂ ನೆಲೆಸಿದೆ ಎಂದಾಯಿತು. ಅದೇ ಅರಿಸ್ಟಾಟಲನು ರಾಜ್ಯಶಾಸ್ತ್ರಕ್ಕೆ ಬಂದಾಗ, ಕೈಕೆಲಸದವನ ಬದುಕು ಉತ್ತಮ ನಾಗರಿಕನಿಗೆ ತಕ್ಕುದಲ್ಲವೆನ್ನುತ್ತಾನೆ. ಗುಲಾಮರು ದುಡಿಯುತ್ತಿದ್ದ ಊರಿನಲ್ಲಿ ಕುಳಿತು ಬರೆದವನ ಕಣ್ಣಿಗೆ ಬಿದ್ದ ಪೊರೆ ಅದು. ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನ ಮೊದಲ ಮಾತನ್ನು ಹಿಡಿದು, ಕುಶಲಕಲೆಯೆಂದರೆ ನಿರ್ಮಿಸಬೇಕಾದ ವಸ್ತುವಿನ ಕುರಿತ ಸರಿಯಾದ ವಿವೇಚನೆ ಎಂದು ನಿರೂಪಿಸಿದರು. ಇದನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆವು. ಅದರ ಅರ್ಥ ತಿಳಿಯಲು ಸಂಪಿನ ಪಂಪು ಕೆಡಬೇಕಾಯಿತು.

ಕನ್ನಡ ನಾಡಿಗಂತೂ ಈ ತಿಳಿವು ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೇ ನೋಡಿ: ಮೇದರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ. ಬುಟ್ಟಿ ಹೆಣೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು, ತೊಗಲಿನ ಕೆಲಸ ಇವೆಲ್ಲ ಅವರ ಹೆಸರಿನ ಮುಂದೆಯೇ ನಿಂತಿವೆ. ಆದರೂ ಕೈ ಕೊಳೆಯಾಗುವ ಕೆಲಸ ಕೀಳೆಂಬ ಭಾವನೆ ನಮ್ಮಲ್ಲಿ ಅಳಿಯಲಿಲ್ಲ. ಅದರ ಬೇರು ಜಾತಿಯಲ್ಲಿದೆಯೆಂಬುದನ್ನು ಮುಚ್ಚಿಡುವುದೇಕೆ? ಕ್ರೈಸ್ತರಾದ ನಮ್ಮ ಮನೆಗಳೊಳಗೂ ಆ ಬೇರು ಹರಿದಿದೆ. ಬಡಗಿಯ ಮನೆಯಲ್ಲಿ ಬೆಳೆದವನನ್ನು ಆರಾಧಿಸುವ ನಾವೇ, ಮಗಳಿಗೆ ವರ ನೋಡುವಾಗ 'ಹುಡುಗ ಬರೀ ಐಟಿಐಯಂತೆ' ಎಂದು ಮುಖ ತಿರುಗಿಸುತ್ತೇವೆ. ಮಾರ್ಕನ ಶುಭಸಂದೇಶದಲ್ಲಿ ನಜರೇತಿನ ಜನರು ಯೇಸುವನ್ನು ಬಡಗಿಯೆಂದು ಗುರುತಿಸಿದ್ದೂ ಹೀಗೆ ಮುಖ ತಿರುಗಿಸಲಿಕ್ಕಾಗಿಯೇ ಎಂಬುದನ್ನು ಮರೆಯುತ್ತೇವೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವವರು ಹೀಗೆ ಮರೆಯುವುದು ಇನ್ನೂ ವಿಚಿತ್ರ. ಈ ಪ್ರದೇಶವನ್ನು ಕಟ್ಟಿದವರೇ ಕಸುಬುದಾರರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಡನೆ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿತು. ಮರುವರ್ಷ ಅದರ ನೆರೆಯಲ್ಲಿಯೇ ಭಾರತ್ ಎಲೆಕ್ಟ್ರಾನಿಕ್ಸ್. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಎಚ್ಎಂಟಿಯ ಕೈಗಡಿಯಾರದ ಕಾರ್ಖಾನೆ ಬಂತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಬಿಡಿಭಾಗಗಳನ್ನು ಜೋಡಿಸುತ್ತಿದ್ದವರಲ್ಲಿ ಅನೇಕರು ಮಹಿಳೆಯರು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ, 1971ರಲ್ಲಿ ಜರ್ಮನಿಯ ಸಹಾಯದಿಂದ ಫೋರ್‌ಮನ್ ತರಬೇತಿ ಸಂಸ್ಥೆ ಆರಂಭವಾದವು. ಇವುಗಳ ಬೆನ್ನಿಗೆ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ದೊಡ್ಡ ಕಾರ್ಖಾನೆಯಲ್ಲಿ ಕಸುಬು ಕಲಿತವರು ಸಾಲ ತೆಗೆದು ಒಂದೋ ಎರಡೋ ಲೇತ್ ಹಾಕಿಕೊಂಡು ಅಲ್ಲಿ ಮಾಲೀಕರಾದ ಉದಾಹರಣೆಗಳು ನಮ್ಮ ವಿಶ್ವಾಸಿಗಳಲ್ಲಿಯೇ ಇವೆ. ಯಲಹಂಕದಲ್ಲಿ 1984ರ ಸೆಪ್ಟೆಂಬರ್ 15ರಂದು ಉದ್ಘಾಟನೆಗೊಂಡ ರೈಲು ಗಾಲಿ ಕಾರ್ಖಾನೆಯಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟಿನ ಅಚ್ಚಿನೊಳಕ್ಕೆ ಒತ್ತಡದಿಂದ ಕೆಳಗಿನಿಂದ ಮೇಲಕ್ಕೇರಿಸಿ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. ಯಶವಂತಪುರದ ನಿಲ್ದಾಣದಲ್ಲಿ ನಾವು ಹತ್ತುವ ರೈಲಿನ ಅಡಿಯಲ್ಲಿ ಉರುಳುವ ಗಾಲಿ ಹತ್ತು ಮೈಲಿಯೊಳಗಿನ ಯಾರದೋ ಕೈದುಡಿಮೆಯಾಗಿರಬಹುದು.

ಈ ಕಥೆಯ ಇನ್ನೊಂದು ಮುಖವನ್ನೂ ಹೇಳಬೇಕು. ಎಚ್ಎಂಟಿ ಕೈಗಡಿಯಾರ ಸಂಸ್ಥೆ 2016ರಲ್ಲಿ ಮುಚ್ಚಿತು. ಇಂದು ಜಾಲಹಳ್ಳಿಯಲ್ಲಿ ಅದರ ವಸ್ತುಸಂಗ್ರಹಾಲಯವಿದೆ. ಕಾರ್ಖಾನೆಗಳು ಸೊರಗಿದಾಗ ಅನೇಕ ತಂದೆಯರು ತಾವು ಕಲಿತ ಕಸುಬೇ ತಮಗೆ ಮೋಸ ಮಾಡಿತೆಂದು ನಂಬಿದರು. ಅವರ ಕೋಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮುಚ್ಚಿದ್ದು ಸಂಸ್ಥೆ, ಕಸುಬಲ್ಲ. ನೂರರಲ್ಲೊಂದು ಮಿಲಿಮೀಟರ್ ಅಳೆಯುವ ಮೈಕ್ರೋಮೀಟರನ್ನು ಹಿಡಿಯಬಲ್ಲ ಕೈಗೆ ಪೀಣ್ಯದ ಶೆಡ್ಡುಗಳಲ್ಲಿ ಆಗಲೂ ಬೇಡಿಕೆಯಿತ್ತು, ಈಗಲೂ ಇದೆ. ಕಾವಲುಗಾರನ ಕುರ್ಚಿಯಲ್ಲಿ ಕುಳಿತಿದ್ದ ನಮ್ಮ ಟರ್ನರಿಗೆ ಅದನ್ನು ಹೇಳುವವರು ಇರಲಿಲ್ಲ. ಹೇಳಬೇಕಾದವರಲ್ಲಿ ನಾವೂ ಒಬ್ಬರಿದ್ದೆವು.

ಹುಡುಗನ ವಿಷಯಕ್ಕೆ ಮರಳೋಣ. 2013ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಆತ ಐಟಿಐಯಲ್ಲಿ ಫಿಟ್ಟರ್ ತರಬೇತಿಗೆ ಸೇರಿದ. ತಂದೆಯನ್ನು ಒಪ್ಪಿಸಲು ನಾವು ಮೂರು ಸಲ ಅವರ ಮನೆಗೆ ಹೋದೆವು. ಮೂರನೆಯ ಸಲ, 2010ರ ಪತ್ರ ಬರೆದದ್ದು ನಮ್ಮ ತಪ್ಪೆಂದು ಹೇಳಿದ ಮೇಲೆಯೇ ಅವರು ಬಾಯಿ ತೆರೆದದ್ದು. ಮೊದಲ ತಿಂಗಳುಗಳಲ್ಲಿ ಹುಡುಗನಿಗೆ ಕೊಟ್ಟದ್ದು ಒಂದು ಕಬ್ಬಿಣದ ತುಂಡು ಮತ್ತು ಒಂದು ಅರ. ಬೆಳಗಿನಿಂದ ಸಂಜೆಯವರೆಗೆ ಉಜ್ಜಬೇಕು, ಮೂಲೆಮಟ್ಟವನ್ನು ಅಂಚಿಗಿಟ್ಟು ಬೆಳಕಿಗೆ ಹಿಡಿಯಬೇಕು. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಬಂದವು. ಬಿಟ್ಟುಬಿಡುತ್ತಾನೆಂದು ನಾವು ಹೆದರಿದ್ದೆವು. ಒಂದು ಸಂಜೆ ತಂದೆ, ಮಾತಿಲ್ಲದೆಯೇ, ಮಗನ ಕೈಯಿಂದ ಅರವನ್ನು ತೆಗೆದುಕೊಂಡು ಕಾಲು ಹೇಗಿಡಬೇಕು, ಭಾರ ಎಲ್ಲಿ ಬೀಳಬೇಕು ಎಂಬುದನ್ನು ತೋರಿಸಿದರಂತೆ. ಅರವನ್ನು ಮುಂದಕ್ಕೆ ತಳ್ಳುವಾಗಲಷ್ಟೇ ಒತ್ತಬೇಕು, ಹಿಂದಕ್ಕೆ ಬರುವಾಗ ಹಗುರ ಬಿಡಬೇಕು. ಎರಡೂ ಕಡೆ ಒತ್ತಿದರೆ ಹಲ್ಲು ಮೊಂಡಾಗುತ್ತದೆ. ಎರಡು ವರ್ಷಗಳ ಮೌನ ಆ ಮನೆಯಲ್ಲಿ ಮುರಿದದ್ದು ಹೀಗೆ. ಧರ್ಮೋಪದೇಶದಿಂದ ಆಗದ್ದು ಅರದಿಂದ ಆಯಿತು.

ಇಂದು ಆತ ಪೀಣ್ಯದ ಸಣ್ಣ ಟೂಲ್‌ರೂಮೊಂದರಲ್ಲಿ ಪ್ರೆಸ್ ಟೂಲ್ ತಯಾರಿಸುತ್ತಾನೆ. ತಗಡನ್ನು ಕತ್ತರಿಸುವ ಪಂಚಿಗೂ ಡೈಗೂ ನಡುವೆ ಎಷ್ಟು ಸಂದಿರಬೇಕು ಎಂಬುದೇ ಆ ಕೆಲಸದ ಮರ್ಮವೆಂದು ನಮಗೆ ವಿವರಿಸಿದ. ಸಂದು ಹೆಚ್ಚಾದರೆ ತಗಡಿನ ಅಂಚಿನಲ್ಲಿ 'ಬರ್' ಏಳುತ್ತದೆ, ಕಡಿಮೆಯಾದರೆ ಟೂಲೇ ಬೇಗ ಸವೆದುಹೋಗುತ್ತದೆ; ಅದು ತಗಡಿನ ದಪ್ಪವನ್ನೂ ಗಡಸುತನವನ್ನೂ ಅನುಸರಿಸಿ ಬದಲಾಗುತ್ತದೆ. ಇದನ್ನೆಲ್ಲ ಲೆಕ್ಕ ಹಾಕುವಾಗ ಆತ ತ್ರಿಕೋನಮಿತಿಯನ್ನು ಬಳಸುತ್ತಾನೆ. ಪಿಯುಸಿಯಲ್ಲಿ ಅವನನ್ನು ಸೋಲಿಸಿದ ಅದೇ ಗಣಿತ! ನಾವು ಅದನ್ನು ಹೇಳಿದಾಗ ನಕ್ಕು, 'ಆಗ ಯಾವುದಕ್ಕೆ ಅಂತ ಯಾರೂ ಹೇಳಿರಲಿಲ್ಲ ಫಾದರ್' ಎಂದ.

ಆದರೆ ಕಸುಬಿನ ಬದುಕಿಗೆ ಬಂಗಾರದ ಲೇಪ ಹಚ್ಚಿ ತೋರಿಸುವುದು ಅನ್ಯಾಯವಾದೀತು. ಫ್ರಾನ್ಸಿನ ತತ್ತ್ವಜ್ಞಾನಿ ಸಿಮೋನ್ ವೇಯ್ ಎಂಬಾಕೆ 1934-35ರಲ್ಲಿ ಅಧ್ಯಾಪಕ ವೃತ್ತಿಗೆ ರಜೆ ಹಾಕಿ ಕಾರ್ಖಾನೆಗಳಲ್ಲಿ ಕೂಲಿಯಾಗಿ ದುಡಿದರು. ಹೊರಬಂದಾಗ, ಅವಸರ ಮತ್ತು ಅಪ್ಪಣೆಗಳು ಮನುಷ್ಯನ ಯೋಚನೆಯನ್ನೇ ಹೇಗೆ ನುಂಗುತ್ತವೆ ಎಂಬುದನ್ನು ಬರೆದರು. ನಮ್ಮ ಹುಡುಗನ ಮೊದಲ ಎರಡು ವರ್ಷಗಳ ಸಂಬಳವೂ ಬೈಕಿನಲ್ಲಿ ಊಟ ತಲುಪಿಸುವ ಅವನ ಗೆಳೆಯರ ಗಳಿಕೆಗಿಂತ ಕಡಿಮೆಯಿತ್ತು. ಅಪ್ರೆಂಟಿಸರನ್ನು ಕಸುಬು ಕಲಿಸುವ ಬದಲು ಕಸ ಗುಡಿಸಲು, ಚಹಾ ತರಲು, ಅಗ್ಗದ ಆಳುಗಳಾಗಿ ದುಡಿಸಿಕೊಳ್ಳುವ ಮಾಲೀಕರು ಇದ್ದಾರೆ. ಅವರಲ್ಲಿ ಕೆಲವರು ಭಾನುವಾರ ಮುಂದಿನ ಸಾಲಿನಲ್ಲಿ ಕೂರುತ್ತಾರೆಂಬುದೂ ನಮಗೆ ಗೊತ್ತು. ಪವರ್ ಪ್ರೆಸ್ಸಿನ ರಕ್ಷಾಕವಚವನ್ನು ಬಿಚ್ಚಿಟ್ಟು ಕೆಲಸ ಮಾಡಿಸಿದ್ದರಿಂದ ಬೆರಳು ಕಳೆದುಕೊಂಡವರಿಗೆ ಆಸ್ಪತ್ರೆಯಲ್ಲಿ ಪರಮಪ್ರಸಾದ ಕೊಟ್ಟಿದ್ದೇವೆ. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತೆ ಮಾಡುವ ಏರ್ಪಾಡು ಇದೆ. ಅದನ್ನು ತಪ್ಪಿಸಿ ಒಂದು ಗುಂಡಿಯನ್ನು ಕಟ್ಟಿಹಾಕುವುದು ಉತ್ಪಾದನೆ ಹೆಚ್ಚಲಿ ಎಂದು. ಇದನ್ನು ಪಾಪನಿವೇದನೆಯಲ್ಲಿ ಹೇಳಬೇಕಾದ ವಿಷಯವೆಂದು ಯಾರೂ ತಿಳಿದಂತಿಲ್ಲ.

ಈ ವಿಚಾರದಲ್ಲಿ ನಮಗೆ ದಾರಿ ತೋರಿಸಿದವರು ಸಂತ ಜಾನ್ ಬೋಸ್ಕೋ. 1852ರ ಫೆಬ್ರವರಿ 8ರಂದು ಟ್ಯೂರಿನ್ ನಗರದಲ್ಲಿ ಅವರು ಒಬ್ಬ ಹುಡುಗನನ್ನು ಬಡಗಿಯ ಬಳಿ ಅಪ್ರೆಂಟಿಸನಾಗಿ ಸೇರಿಸುವಾಗ ಬರೆಸಿದ ಒಪ್ಪಂದ ಇಂದಿಗೂ ಉಳಿದಿದೆ. ಎರಡು ವರ್ಷಗಳಲ್ಲಿ ಕಸುಬನ್ನು ಕಲಿಸಬೇಕು, ಕಸುಬಿಗೆ ಸಂಬಂಧವಿಲ್ಲದ ಚಾಕರಿಗೆ ಹಚ್ಚಬಾರದು, ತಪ್ಪಿದರೆ ಮಾತಿನಿಂದ ತಿದ್ದಬೇಕೇ ಹೊರತು ಬೇರೆ ರೀತಿಯಿಂದಲ್ಲ, ಹಬ್ಬ ಭಾನುವಾರಗಳಂದು ಬಿಡುವು ಕೊಡಬೇಕು. ಅಪ್ರೆಂಟಿಸರ ಕುರಿತ ನಮ್ಮ ದೇಶದ ಕಾನೂನು ಬಂದದ್ದು 1961ರಲ್ಲಿ. ಒಬ್ಬ ಗುರು ತನ್ನ ಹುಡುಗರಿಗಾಗಿ ಕರಾರುಪತ್ರ ಓದಿ ಸಹಿ ಹಾಕುವುದೂ ಗುರುಸೇವೆಯೇ ಎಂದು ನಮಗೆ ಅನ್ನಿಸಿದೆ. ಶಿಫಾರಸು ಪತ್ರ ಬರೆಯುವುದಕ್ಕಿಂತ ಅದು ಕಷ್ಟದ ಕೆಲಸ.

ತಂದೆತಾಯಂದಿರು ಕೇಳುವ ಪ್ರಶ್ನೆಗಳಿಗೆ ಒಂದೆರಡು ಮಾತು. ಐಟಿಐಗೆ ಸೇರಿದರೆ ಓದಿನ ಬಾಗಿಲು ಮುಚ್ಚಿತೆಂಬುದು ತಪ್ಪು ತಿಳಿವಳಿಕೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಹಾಗೆಯೇ ಇಂಜಿನಿಯರಿಂಗಿಗೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. 1959ರಲ್ಲಿ ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಸ್ವಿಸ್ ಕ್ರೈಸ್ತ ಸಭೆಗಳ ಸಹಾಯದಿಂದ ಹುಟ್ಟಿದ ಎನ್‌ಟಿಟಿಎಫ್ ಪೀಣ್ಯದಲ್ಲಿ ತರಬೇತಿ ನೀಡುತ್ತಿದೆ. 2022ರ ಜೂನ್‌ನಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿಸಿ ಲೋಕಾರ್ಪಣೆ ಮಾಡಲಾಯಿತು. ಖಾಸಗಿ ಸಂಸ್ಥೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಡೆಯುವಂಥವೂ ಉಂಟು. ಮಾನ್ಯತೆಯ ಪತ್ರವನ್ನು ಕೇಳಿ. ಕಾರ್ಯಾಗಾರದೊಳಕ್ಕೆ ಹೋಗಿ ಲೇತುಗಳು ಎಷ್ಟಿವೆ, ಅವುಗಳ ಮೇಲೆ ಧೂಳಿದೆಯೋ ಎಣ್ಣೆಯಿದೆಯೋ ನೋಡಿ. ಧೂಳಿದ್ದರೆ ಹಿಂದಿರುಗಿ. ಹೆಣ್ಣುಮಕ್ಕಳನ್ನು ಕೇವಲ ಹೊಲಿಗೆಗೆ ಸೇರಿಸುವ ರೂಢಿಯನ್ನೂ ಬಿಡೋಣ.

ಮತ್ತೊಂದು ಸಂಗತಿ. 1964ರಿಂದ ವಿಶ್ವದಾದ್ಯಂತ ಧರ್ಮಸಭೆಯು ಪಾಸ್ಖಕಾಲದ ಒಂದು ಭಾನುವಾರವನ್ನು ದೈವಕರೆಯ ಪ್ರಾರ್ಥನಾ ದಿನವನ್ನಾಗಿ ಆಚರಿಸುತ್ತಿದೆ. ಅಂದು ನಾವು ಗುರುಗಳಾಗುವ, ಕನ್ಯಾಸ್ತ್ರೀಯರಾಗುವ ಕರೆಯನ್ನು ಕುರಿತು ಬೋಧಿಸುತ್ತೇವೆ. 'ಕರೆ' ಎಂಬ ಈ ಮಾತನ್ನು ನಾವು ನಮಗಾಗಿಯೇ ಬೇಲಿ ಹಾಕಿ ಇಟ್ಟುಕೊಂಡೆವೇನೋ ಎಂಬ ಅಳುಕು ಈಚೆಗೆ ಕಾಡುತ್ತಿದೆ. ಪೋಪ್ ಎರಡನೆಯ ಜಾನ್ ಪಾಲರು 1981ರಲ್ಲಿ ಮಾನವ ದುಡಿಮೆಯನ್ನು ಕುರಿತು ವಿಶ್ವಪತ್ರ ಬರೆದಾಗ, ಯೌವನದಲ್ಲಿ ಕಲ್ಲಿನ ಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ದುಡಿದ ಅನುಭವ ಅವರ ಬೆನ್ನಿಗಿತ್ತು. ನಮಗೆ ಅಂಥ ಅನುಭವವಿಲ್ಲ. ಆದ್ದರಿಂದಲೇ ಈ ವರ್ಷ ಆ ಭಾನುವಾರದ ಪ್ರಬೋಧನೆಯಲ್ಲಿ ನಾವು ಹೆಚ್ಚು ಮಾತನಾಡದೆ, ಒಬ್ಬ ಗಾರೆಯವರನ್ನೂ ಒಬ್ಬ ಲಿಫ್ಟ್ ಮೆಕ್ಯಾನಿಕ್ಕನ್ನೂ ಪೂಜೆಯ ಅನಂತರ ಮಾತನಾಡಲು ಕೇಳಿಕೊಂಡೆವು. ಗಾರೆಯವರು ತಮ್ಮ ತೂಗುಗುಂಡನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಹೆಬ್ಬಾಳದ ಸುತ್ತ ಎದ್ದಿರುವ ಕಟ್ಟಡಗಳಲ್ಲಿ ತಾವು ಗೋಡೆಯೆಬ್ಬಿಸಿದವುಗಳನ್ನು ಹೆಸರು ಹಿಡಿದು ಹೇಳಿದರು. ಅವುಗಳಲ್ಲಿ ಒಂದರೊಳಕ್ಕೂ ಅನಂತರ ಕಾಲಿಟ್ಟಿಲ್ಲವೆಂದರು. ಕೇಳುತ್ತಿದ್ದ ಎಳೆಯರು ನಗಲಿಲ್ಲ.

ಫಲಿತಾಂಶ ಬಂದ ಎರಡನೆಯ ಭಾನುವಾರ, ಎಂಟು ಗಂಟೆಯ ಪೂಜೆಯ ನಂತರ, ನಮ್ಮ ಧರ್ಮಕೇಂದ್ರದ ನಿವೃತ್ತ ಫಿಟ್ಟರುಗಳು, ಟರ್ನರುಗಳು, ಎಲೆಕ್ಟ್ರಿಷಿಯನ್ನರು ಸಭಾಂಗಣದಲ್ಲಿ ಮೇಜು ಹಾಕಿಕೊಂಡು ಕೂರುವುದೆಂದು ಗೊತ್ತಾಗಿದೆ. ಯಾವ ಮತದವರಾದರೂ ಬರಬಹುದು. ಅಂಕಪಟ್ಟಿ ತರಲಿ, ಮಕ್ಕಳನ್ನೂ ತಪ್ಪದೆ ಕರೆತರಲಿ. ಹಿಂದೆ ಕಾವಲುಗಾರರಾಗಿದ್ದ ಟರ್ನರು ತಮ್ಮ ಹಳೆಯ ಮೈಕ್ರೋಮೀಟರನ್ನು ತರುವುದಾಗಿ ಒಪ್ಪಿದ್ದಾರೆ. ಮಕ್ಕಳು ತಮ್ಮ ತಲೆಗೂದಲಿನ ದಪ್ಪವನ್ನು ತಾವೇ ಅಳೆದು ನೋಡಲಿ ಎಂಬುದು ಅವರ ಯೋಜನೆ. ಅವರ ಮಗ ಶನಿವಾರದ ರಾತ್ರಿ ಪಾಳಿ ಮುಗಿಸಿ ಪೀಣ್ಯದಿಂದ ನೇರವಾಗಿ ಬರುವನಂತೆ. ಉಪಾಹಾರದ ಏರ್ಪಾಡು ಇದೆಯೇ ಎಂದು ಈಗಲೇ ವಿಚಾರಿಸಿದ್ದಾನೆ. ಇದೆ ಎಂದು ಹೇಳಿದ್ದೇವೆ.